ಆಟೋನಗರದಲ್ಲಿ ಒನ್ಸ್ ಮೋರ್

ಹರಿಣಿ ಗದಗಿನವಳು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ, ಅಧಿಕಾರಿಯಾಗಿ ಬಡ್ತಿ ಸಿಕ್ಕಾಗ ವಿಶಾಖಪಟ್ಟಣಕ್ಕೆ ಹೋದಳು. ಆಗ ಅವಳಿಗೆ ಮೂವತ್ತೊಂದು. ಮೂರು ವರ್ಷ ಹೇಗೋ ಕಳೆದು ಊರ ಕಡೆ ಬರಬೇಕೆಂದಿದ್ದವಳು ಮುಂದಿನ ಬಡ್ತಿಯನ್ನು ಎರಡು ಸಲ ಬೇಡವೆಂದು ಬರೆದುಕೊಟ್ಟು ಹದಿನಾಲ್ಕು ವರ್ಷ ಅಲ್ಲೇ ಉಳಿದಳು. ಅದಕ್ಕೆ ಕಾರಣ ನಾಟಕ, ಮತ್ತು ಮಾಧವೀಲತಾ.

ಅಲ್ಲಿನ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಪ್ರತಿವರ್ಷ ಒಂದು ನಾಟಕ ಆಡುತ್ತಿದ್ದರು. ಹರಿಣಿ ಅಲ್ಲಿಗೆ ಹೋದ ವರ್ಷವೇ ನಿರ್ದೇಶನ ಅವಳ ಹೆಗಲಿಗೆ ಬಿತ್ತು. ಹಾಡು ಕಲಿಸಲು ಒಬ್ಬರು ಬೇಕಾಗಿತ್ತು. ಸೀತಮ್ಮಧಾರೆ ಬಡಾವಣೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದ ಮಾಧವೀಲತಾ ಆಟೋದಲ್ಲಿ ಹಾರ್ಮೋನಿಯಂ ಹಾಕಿಕೊಂಡು ಬಂದಳು. ಕನ್ನಡ ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಹಾಡನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು, ಉಚ್ಚಾರದಲ್ಲಿ ಅನುಮಾನ ಬಂದಾಗಲೆಲ್ಲ ಹರಿಣಿಯ ಮುಖ ನೋಡುತ್ತಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ಒಂದೇ ಮನೆಯಲ್ಲಿದ್ದರು. ಯಾರಾದರೂ ಕೇಳಿದರೆ, "ಮನೆ ಹಂಚಿಕೊಂಡಿದ್ದೇವೆ" ಎಂದರೆ ಸಾಕಾಗುತ್ತಿತ್ತು.

ಒಂದು ನವೆಂಬರಿನಲ್ಲಿ ನಾಟಕ ಮುಗಿದು ಎಲ್ಲರೂ ಪುಳಿಯೋಗರೆ ತಿನ್ನುತ್ತಿದ್ದಾಗ ಸಹನಾ ಎಂಬ ಹುಡುಗಿ ಹತ್ತಿರ ಬಂದಳು. ತಾಯಿ ದಾವಣಗೆರೆಯವರು, ತಂದೆ ತೆಲುಗಿನವರು. ಊರಾಚೆ ಪರವಾಡದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ.

"ಮೇಡಂಗಾರೂ, ಒಂದು ಅಡಗ್ತೀನಿ. ಏನೂ ಅನ್ಕೋಬೇಡಿ," ಎಂದಳು.

ಹರಿಣಿಗೆ ನಗು ಬಂತು. ಕನ್ನಡದಲ್ಲಿ ಅಡಗುವುದೆಂದರೆ ಬಚ್ಚಿಟ್ಟುಕೊಳ್ಳುವುದು, ತೆಲುಗಿನಲ್ಲಿ ಕೇಳುವುದು. "ಕೇಳವಾ," ಎಂದಳು.

"ನಿಮ್ ನಾಟಕದಲ್ಲಿ ಕೊನೆಗೆ ಎಲ್ಲರಿಗೂ ಪೆಳ್ಳಿ, ಅದೇ ಮದುವೆ, ಆಗುತ್ತೆ. ನಂಗೆ ಹುಡುಗೀರೇ ಇಷ್ಟ. ನನ್ನಂಥೋರು ಬರೋ ನಾಟಕ ಒಂದು ಹಾಕಲ್ವಾ?"

ಹರಿಣಿ ಅವಳ ತಟ್ಟೆಗೆ ಇನ್ನಷ್ಟು ಪುಳಿಯೋಗರೆ ಬಡಿಸಿದಳು. ಮನೆಗೆ ಬಂದು ಮಾಧವಿಗೆ ಹೇಳಿದಳು: "ಆ ಹುಡುಗಿ ಅಷ್ಟು ಮಂದಿ ನಡುವ ನಿಂತು ಕೇಳಿದ್ಲು. ನಾನು ಇಷ್ಟು ವರ್ಷದಾಗ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಮರುವರ್ಷ ಅವಳು ಸಂಘದ ಹೊರಗೆ, ತೆಲುಗಿನಲ್ಲಿ, ತನ್ನ ಮೊದಲ ಸ್ವಂತ ನಾಟಕ ಹಾಕಿದಳು. ಒಂದೇ ಹಾಸ್ಟೆಲಿನಲ್ಲಿರುವ ಇಬ್ಬರು ಹುಡುಗಿಯರ ಕಥೆ. ತಾಲೀಮು ಮಾಧವಿಯ ಪಾಠದ ಕೋಣೆಯಲ್ಲಿ. ಮೊದಲ ಪಾಳಿ ಮುಗಿಸಿದ ಸಹನಾ ಕಂಪನಿ ಬಸ್ಸಿನಲ್ಲಿ ತನ್ನ ಪಾತ್ರದ ಮಾತು ಬಾಯಿಪಾಠ ಮಾಡುತ್ತ ಬರುತ್ತಿದ್ದಳು. ಪಾಳಿ ಬದಲಾದ ವಾರ ತಾಲೀಮಿನ ಹೊತ್ತೂ ಬದಲಾಗುತ್ತಿತ್ತು. ಮೊದಲ ಪ್ರಯೋಗಕ್ಕೆ ಮೂವತ್ತೆಂಟು ಜನ ಬಂದರು. ಏಳು ಜನ ನಡುವೆಯೇ ಎದ್ದು ಹೋದರು. ಕೊನೆಯಲ್ಲಿ ಇಬ್ಬರು ಹೆಂಗಸರು ಸಹನಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದು, ಹೆಸರು ಕೂಡ ಹೇಳದೆ ಹೋದರು. ಸಂಘದವರು ಮಾತ್ರ ಮುಂದೆ ಹರಿಣಿಯನ್ನು ನಿರ್ದೇಶನಕ್ಕೆ ಕರೆಯಲಿಲ್ಲ. ಮಕ್ಕಳು ಮರಿ ಬರುವ ಕಾರ್ಯಕ್ರಮ ಎಂದರು. ಹರಿಣಿಗೆ ನೋವಾಯಿತು, ಆದರೆ ಬಿಡುವೂ ಸಿಕ್ಕಿತು. ಆರು ವರ್ಷದಲ್ಲಿ ಐದು ನಾಟಕ ಹಾಕಿದಳು.

ಆಮೇಲೆ ವಿಜಯವಾಡಕ್ಕೆ ವರ್ಗವಾಯಿತು. ರದ್ದು ಮಾಡಿ ಎಂದು ಕೇಳುವ ಅರ್ಜಿಯಲ್ಲಿ, ಗಂಡ ಅಥವಾ ಹೆಂಡತಿ ಎಲ್ಲಿದ್ದಾರೆ ಎಂದು ಬರೆಯಲು ಒಂದು ಅಂಕಣವಿತ್ತು. ಹರಿಣಿ ಅದನ್ನು ಖಾಲಿ ಬಿಟ್ಟಳು. ಅರ್ಜಿ ತಿರಸ್ಕಾರವಾಯಿತು. ಕನಕದುರ್ಗೆಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಬುಡದ ಕಡೆ ಒಂದು ಕೋಣೆ ಹಿಡಿದು, ಬ್ಯಾಂಕಿಗೆ ರಜೆಯಿರುವ ಎರಡನೇ ಮತ್ತು ನಾಲ್ಕನೇ ಶನಿವಾರ ವಿಶಾಖಪಟ್ಟಣಕ್ಕೆ ಹೋಗಿಬರತೊಡಗಿದಳು. ಆ ರೈಲಿನ ಆರು ತಾಸುಗಳಲ್ಲಿ ಆರನೆಯ ನಾಟಕ ಬರೆದಳು. ಅದು ಸಂಗೀತ ನಾಟಕ. ಗೆಳತಿಯಿರುವ ಊರಿಗೆ ವರ್ಗ ಬೇಡುವ ಒಬ್ಬ ಹುಡುಗಿ, ಕೊಡಲಾಗದು ಎನ್ನುವ ಒಬ್ಬ ದೊಡ್ಡ ಅಧಿಕಾರಿ. ಇಬ್ಬರ ವಾದವೂ ಪದ್ಯಗಳಲ್ಲಿ, ಹಳೆಯ ಪೌರಾಣಿಕ ನಾಟಕದ ಧಾಟಿಯಲ್ಲಿ.

ಅಂಥ ಪದ್ಯ ಹಾಡುವವರು ಅವಳಿಗೆ ಸಿಕ್ಕಿದ್ದು ವಿಜಯವಾಡದ ಲಾರಿ ಶೆಡ್ಡುಗಳ ಬಡಾವಣೆ ಆಟೋನಗರದಲ್ಲಿ. ಸಾಲ ಕೇಳಿದ್ದ ಲಾರಿ ಬಾಡಿ ಕಟ್ಟುವ ಶೆಡ್ಡನ್ನು ನೋಡಲು ಬ್ಯಾಂಕಿನಿಂದ ಹೋಗಿದ್ದಳು. ಏಣಿಯ ಮೇಲೆ ಕೂತು ಲಾರಿಗೆ ಬಣ್ಣ ಬಳಿಯುತ್ತಿದ್ದ ಮುದುಕರೊಬ್ಬರು ಶೆಡ್ಡು ನಡುಗುವಂತೆ ಪದ್ಯ ಹಾಡುತ್ತಿದ್ದರು. ಹೆಸರು ಕಾಮೇಶ್ವರ. ಜಾತ್ರೆ ಉತ್ಸವಗಳ ಪೌರಾಣಿಕ ನಾಟಕಗಳಲ್ಲಿ ನಲವತ್ತು ವರ್ಷ ಪಾತ್ರ ಮಾಡಿದವರು. ತನ್ನ ನಾಟಕದಲ್ಲೂ ಒಂದು ಪಾತ್ರ ಮಾಡಬೇಕೆಂದು ಹರಿಣಿ ಕೇಳಿಕೊಂಡಳು.

"ನನ್ನ ಪಾತ್ರಕ್ಕೆ ಕಿರೀಟ ಇದೆಯೇನಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು.

"ಇಲ್ಲ ಸರ್, ಕೋಟು ಇದೆ." ಹರಿಣಿ ಕಥೆ ಹೇಳಿದಳು.

ಕಾಮೇಶ್ವರ ಕುಂಚ ಒರೆಸಿ ಕೆಳಗಿಟ್ಟರು. "ಇಬ್ಬರು ಹೆಣ್ಣುಮಕ್ಕಳು ಪ್ರೀತಿಸುತ್ತಾರೆ. ನಾನು ಬೇರೆ ಮಾಡುತ್ತೇನೆ. ಹಾಗಾದರೆ ನಾನು ದುಷ್ಟ."

"ದುಷ್ಟ ಅಲ್ಲ. ನಿಯಮ ಓದುವವರು."

"ಅದು ಇನ್ನೂ ಕಷ್ಟದ ಪಾತ್ರ," ಎಂದು ಅವರು ಒಪ್ಪಿಕೊಂಡರು.

ಆಟೋನಗರದ ಕೆಲಸಗಾರರ ಸಂಘದ ಸಭಾಂಗಣದಲ್ಲಿ ಪ್ರಯೋಗ ಎಂದು ಗೊತ್ತಾಯಿತು. ಹಾಡುಗಳೆಲ್ಲ ಸಿದ್ಧವಾದ ಮೇಲೆ ಮಾಧವಿ ಒಂದು ದಿನ ಹಾರ್ಮೋನಿಯಂ ಮುಚ್ಚಿ, "ಕೊನಿಗೆ ಕಲಾವಿದರ ಪರಿಚಯ ಮಾಡ್ತೀಯಲ್ಲ, ನನಗ ಏನಂತ ಕರೀತಿ?" ಎಂದು ಕೇಳಿದಳು. ಅವಳು ಹರಿಣಿಯಿಂದ ಕಲಿತ ಕನ್ನಡ ಗದಗಿನದೇ.

"ಸಂಗೀತ, ಮಾಧವೀಲತಾ ಗಾರು."

"ಐದು ನಾಟಕದಾಗೂ ಇದನ್ನೇ ಹೇಳಿದಿ. ಮನ್ಯಾಗ ಯಾರರ ಹಂಗ ಮರ್ಯಾದಿ ಕೊಟ್ಟು ಗಾರು ಅಂತಾರೇನು? ಎಲ್ಲಾನೂ ಸಹನಾನ ಬಾಯಿಂದ ಹೇಳಸ್ತಿ. ನೀನು ಯಾವಾಗ ಹೇಳ್ತಿ?"

"ಅಲ್ಲಿ ಬ್ಯಾಂಕಿನವರು ಬರ್ತಾರ, ಮಾಧವಿ."

"ಬರ್ಲಿ. ನಾನೂ ಬರ್ತೀನಲ್ಲ."

ಹರಿಣಿ ಅಂದೇ ವಿಜಯವಾಡದ ರೈಲು ಹತ್ತಿದಳು. ಹದಿನೈದು ದಿನ ಫೋನಿನಲ್ಲಿ ಇಬ್ಬರೂ ತಾಳ, ಶ್ರುತಿಯ ಮಾತಷ್ಟೇ ಆಡಿದರು. ಆದರೂ ಪ್ರಯೋಗದ ದಿನ ಮಧ್ಯಾಹ್ನ, ವರ್ಗ ಬೇಡುವ ಹುಡುಗಿಯ ಪಾತ್ರ ಮಾಡುವ ಸಹನಾಳ ಜೊತೆ ಮಾಧವಿ ಬಂದಳು.

ಸಭಾಂಗಣ ತುಂಬಿತ್ತು. ಕಾಮೇಶ್ವರರ ಹೆಸರು ಕೇಳಿ ಬಂದ ಮೆಕ್ಯಾನಿಕ್ಕುಗಳು, ವೆಲ್ಡರುಗಳು, ಅವರ ಮನೆಯವರು. ಮುಂದಿನ ಸಾಲಿನಲ್ಲಿ ಶಾಖೆಯ ಮ್ಯಾನೇಜರ್ ಸೂರ್ಯಪ್ರಕಾಶ, ಜೊತೆಗೆ ಅವರ ಹೆಂಡತಿ. ಕಾಮೇಶ್ವರರು ಕೋಟು ತೊಟ್ಟು, 'ಈ ನಂಟಿಗೆ ನಿಯಮದಲ್ಲಿ ಹೆಸರಿಲ್ಲ' ಎಂಬ ಅರ್ಥದ ಪದ್ಯವನ್ನು ಎಳೆದೆಳೆದು ಹಾಡಿದರು. ಹಿಂದಿನ ಸಾಲುಗಳಿಂದ ಸೀಟಿ, "ಒನ್ಸ್ ಮೋರ್!" ಎಂಬ ಕೂಗು. ಪರದೆಯ ಪಕ್ಕ ನಿಂತಿದ್ದ ಹರಿಣಿಗೆ ಬೇಡ ಅನ್ನುವ ಪದ್ಯವೇ ಇವರಿಗೆ ಬೇಕಾಯಿತಲ್ಲ ಅನಿಸಿತು.

ಕಾಮೇಶ್ವರರು ಮತ್ತೊಮ್ಮೆ ಹಾಡಿ ಮುಗಿಸಿದರು. ಸಹನಾ ಉತ್ತರದ ಪದ್ಯ ಎತ್ತಿಕೊಂಡಳು. ಅವಳದು ಕಾಮೇಶ್ವರರಂಥ ಕಂಠವಲ್ಲ. ಮೊದಲ ಸಾಲಿನಲ್ಲಿ ದನಿ ಸ್ವಲ್ಪ ಅದುರಿತು. ಅವಳು ಶ್ರುತಿಗೆ ಬರುವವರೆಗೆ ಮಾಧವಿ ಹಾರ್ಮೋನಿಯಂ ಮೇಲೆ ಒಂದೇ ಸ್ವರ ಹಿಡಿದು ಕಾದಳು. ಆಮೇಲೆ ಹುಡುಗಿ ಕಣ್ಣು ಮುಚ್ಚಿ ಪೂರ್ತಿ ಹಾಡಿದಳು. 'ಗೆಳತಿ ಬೇಯಿಸಿಟ್ಟ ಅನ್ನ ನನಗಾಗಿ ಕಾದು ಆರುತ್ತದೆ, ಅದನ್ನು ಯಾವ ಕಾಗದದಲ್ಲಿ ಬರೆಯಲಿ' ಎಂಬ ಪದ್ಯ.

ಪದ್ಯ ಮುಗಿದ ಮೇಲೆ ಹೆಂಗಸರ ಕಡೆಯಿಂದ ಒಂದು ದನಿ, "ಒನ್ಸ್ ಮೋರ್." ಹಿಂದೆಯೇ ಇಡೀ ಸಭಾಂಗಣ ಕೂಗಿತು. ಸಹನಾ ಗಾಬರಿಯಾಗಿ ಸುತ್ತ ನೋಡಿದಳು; ಅವಳಿಗೆ ಯಾರೂ ಎಂದೂ ಹಾಗೆ ಕೂಗಿರಲಿಲ್ಲ. ಎದುರಿಗೆ ಕಠಿಣ ಮುಖ ಮಾಡಿಕೊಂಡು ನಿಂತಿದ್ದ ಅಧಿಕಾರಿ ಪಾತ್ರ ಬಿಟ್ಟು ನಕ್ಕರು. "ಹಾಡಮ್ಮಾ, ಜನ ಕೇಳುತ್ತಿದ್ದಾರೆ," ಎಂದರು.

ನಾಟಕ ಮುಗಿದ ಮೇಲೆ ಹರಿಣಿ ಮೈಕು ಹಿಡಿದು ಕಲಾವಿದರನ್ನು ಒಬ್ಬೊಬ್ಬರಾಗಿ ಕರೆದಳು. ಕೊನೆಗೆ ಉಳಿದದ್ದು ಒಂದೇ ಹೆಸರು. ತೆಲುಗಿನಲ್ಲಿ ಹೇಳಿದಳು: "ಸಂಗೀತ, ಮಾಧವೀಲತಾ. ನನ್ನ ಸಂಗಾತಿ. ಹದಿಮೂರು ವರ್ಷದಿಂದ ನಾವಿಬ್ಬರೂ ಒಂದೇ ಮನೆಯವರು." ದನಿ ಸಣ್ಣದಾಗಿತ್ತು, ಆದರೆ ಮೈಕು ಚೆನ್ನಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದವರು ಬೇಗ ನಿಲ್ಲಿಸಲಿಲ್ಲ. ಮಾಧವಿ ಎದ್ದು ಬಂದು ಪಕ್ಕದಲ್ಲಿ ನಿಂತಳು.

ಸೋಮವಾರ ಮ್ಯಾನೇಜರ್ ಹರಿಣಿಯನ್ನು ಒಳಗೆ ಕರೆದರು. ಅವರು ಯಾವುದೋ ಫೈಲು ತಿರುವುತ್ತ, "ನಮ್ಮನೆಯವರು ಆ ಹುಡುಗಿಯ ಪದ್ಯ ಬರೆದುಕೊಡಿ ಅಂತ ಕೇಳಿದ್ದಾರಮ್ಮಾ," ಎಂದರು. ಅಷ್ಟೇ. ಜೊತೆಗೆ ಊಟ ಮಾಡುತ್ತಿದ್ದ ಇಬ್ಬರು ಆ ವಾರದಿಂದ ಬೇರೆ ಮೇಜಿಗೆ ಹೋದರು. ಬೇರೊಬ್ಬಳು ತಾನಾಗಿ ಬಂದು ಪಕ್ಕದಲ್ಲಿ ಡಬ್ಬಿ ಬಿಚ್ಚಿದಳು.

ವರ್ಗ ಇನ್ನೂ ಸಿಕ್ಕಿಲ್ಲ. ಈಗ ಒಂದು ಸಲ ಹರಿಣಿ ಹೋದರೆ ಇನ್ನೊಂದು ಸಲ ಮಾಧವಿ ಬರುತ್ತಾಳೆ, ಏಕೆಂದರೆ ಕಾಮೇಶ್ವರರು ತಮಗೂ ಪ್ರೀತಿಸುವ ಪಾತ್ರ ಬೇಕೆಂದು ಹಟ ಹಿಡಿದಿದ್ದಾರೆ. ಹೊಸ ನಾಟಕದಲ್ಲಿ ಅವರು ನಾಟಕ ಕಂಪನಿಯ ಹಳೆಯ ನಟ. ಇನ್ನೊಬ್ಬ ನಟನಿಗೆ ನಲವತ್ತು ವರ್ಷದಿಂದ ಹೇಳದೆ ಉಳಿದ ಮಾತನ್ನು ಹೇಳಬೇಕು. ಭಾನುವಾರ ಕೆಲಸವಿಲ್ಲದ ಶೆಡ್ಡಿನಲ್ಲಿ ತಾಲೀಮು. ಅವರನ್ನು ತೆಲುಗಿನಲ್ಲಿ ಚಿಕ್ಕಪ್ಪ ಎಂದೇ ಕರೆಯುವ ಮಾಧವಿ ಮೊನ್ನೆ ಒಂದೇ ಸಾಲನ್ನು ಅವರಿಂದ ಆರು ಸಲ ಹಾಡಿಸಿದಳು.

"ಯುದ್ಧಕ್ಕೆ ಹೊರಟಿಲ್ಲ ಬಾಬಾಯ್‌ಗಾರೂ. ಮೆಲ್ಲಗೆ."

ಕಾಮೇಶ್ವರರು ಗಂಟಲು ಸರಿಮಾಡಿಕೊಂಡು ಏಳನೆಯ ಸಲ ಶುರುಮಾಡಿದರು.