ಸಹಜ ನಡಿಗೆಗೆ ಹಾಸಿದ ಕಾಲೊರಸು

ಮನುಷ್ಯರ ನಡಿಗೆಯ ಮೇಲೆ ಪಿಎಚ್‌ಡಿ ಮಾಡುವ ಅವಕಾಶ ನನಗೆ ಸಿಕ್ಕಿದ್ದು ಬಾಯಿಯ ಜೋರಿನಿಂದ. ನಡೆದು ತೋರಿಸಲು ಜನರನ್ನು ಎಲ್ಲಿಂದ ತರುತ್ತೀರಿ ಎಂದು ಸಂದರ್ಶನದಲ್ಲಿ ಕೇಳಿದಾಗ, ಅರ್ಧ ಖಾನಾಪುರವೇ ನಮ್ಮ ಬಳಗ ಎಂದುಬಿಟ್ಟಿದ್ದೆ.

ಮೊದಲು ಬಸ್ಸು ಹತ್ತಿ ಬಂದವಳು ಅವ್ವನ ಅಕ್ಕ, ನನ್ನ ದೊಡ್ಡವ್ವ. ಬೆಳಗಾವಿಯ ನಮ್ಮ ಪ್ರಯೋಗಾಲಯದ ನೆಲದಲ್ಲಿ ಪಾದದ ಒತ್ತಡ ಅಳೆಯುವ ಲೋಹದ ಹಲಗೆಯೊಂದಿದೆ. ಅದರ ಮೇಲೆ ಕಾಲಿಟ್ಟು ಸಹಜವಾಗಿ ನಡೆದುಹೋದರೆ ಸಾಕು. ದೊಡ್ಡವ್ವ ಬಗ್ಗಿ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸೀರೆ ಎತ್ತಿ ಹಿಡಿದು ದಾಟಿಹೋದಳು.

“ದೊಡ್ಡವ್ವಾ, ಅದನ್ನ ತುಳೀಬೇಕು!”

“ಹುಚ್ಚಿ, ವಿದ್ಯಾ ಕಲಿಯೂ ಸಾಮಾನಿಗೆ ಯಾರರೆ ಕಾಲ ಹಚ್ಚತಾರೇನು?”

ನನ್ನ ಪಿಎಚ್‌ಡಿ ಮಾರ್ಗದರ್ಶಕರಿಗೆ ಫೋನ್ ಮಾಡಿದೆ; ಹಲಗೆ ಕಾಣದಂತೆ ಏನಾದರೂ ಹಾಸಿ ಎಂದರು. ಕೈಗೆ ಸಿಕ್ಕಿದ್ದು ಬಾಗಿಲಿನ ಕಾಲೊರಸು; ಅದನ್ನೇ ಹಾಸಿದೆ. ಈಗ ದೊಡ್ಡವ್ವ ನೆಟ್ಟಗೆ ಬಂದು, ಅದರ ಮೇಲೆ ನಿಂತು, ಎರಡೂ ಪಾದ ತಿಕ್ಕಿ ತಿಕ್ಕಿ ಒರೆಸಿಕೊಂಡು ಮುಂದೆ ಹೋದಳು. ಕಂಪ್ಯೂಟರಿನಲ್ಲಿ ಪಾದದ ಒತ್ತಡ ತೋರಿಸುವ ಗೆರೆ ಭೂಕಂಪವಾದಂತೆ ಕುಣಿಯಿತು.

ಅಷ್ಟರಲ್ಲಿ ಮಾರ್ಗದರ್ಶಕರೇ ಬಂದರು. ಹೊರಗೆ ಚಪ್ಪಲಿ ಬಿಡುತ್ತ, ಕಂಪ್ಯೂಟರ್ ಕಡೆ ನೋಡಿ ಗದರಿದರು: “ಇದೇನ್ರೀ ಇದು? ನನಗ ಸಹಜ ನಡಿಗಿ ಬೇಕು, ಸಹಜ ನಡಿಗಿ!” ಹಾಗೆನ್ನುತ್ತಲೇ ನಮ್ಮತ್ತ ನಡೆದು ಬಂದವರು ಕಾಲೊರಸಿನ ಮೇಲೆ ನಿಂತು, ಎರಡೂ ಪಾದ ಒರೆಸಿಕೊಂಡರು.

“ಛಲೋ ಮನಿತನದವರು ಅದಾರ ಬಿಡು,” ದೊಡ್ಡವ್ವ ನನ್ನ ಕಿವಿಯಲ್ಲಿ ಹೇಳಿದಳು.

ಗೆರೆ ಮತ್ತೆ ಕುಣಿದಿತ್ತು. ಅದನ್ನು ನಾನು ‘ಸಹಜ ನಡಿಗೆ’ ಎಂಬ ಹೆಸರಿನಲ್ಲೇ ಉಳಿಸಿಟ್ಟಿದ್ದೇನೆ.