ಬಲೂನು ಹೋದ ದಿಕ್ಕು

೧೯೪೮ರ ಜೂನ್ ತಿಂಗಳ ಒಂದು ಸೋಮವಾರ, ಬೆಳಗಿನ ಏಳು ಗಂಟೆಗೆ, ಆಳಂದದ ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ, ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಮುಖ ಉತ್ತರಕ್ಕಿತ್ತು, ಎಡಕ್ಕೆ ಪಶ್ಚಿಮ, ಬಲಕ್ಕೆ ಪೂರ್ವ. ಇಷ್ಟು ಬಿಡಿಸಿ ಹೇಳಲು ಕಾರಣವಿದೆ, ಸ್ವಲ್ಪ ತಾಳಿ.

ಮೊನ್ನೆ ನಿಂಬರ್ಗಾದಲ್ಲಿ ಮಗಳ ಹೊಲದ ತೊಗರಿ ಸಾಲಿನೊಳಗೆ ಹರಿದ ರಬ್ಬರಿನ ಬಲೂನೊಂದು ಬಿದ್ದಿತ್ತು, ಜೊತೆಗೊಂದು ಬಿಳಿ ಡಬ್ಬಿ. ಹವಾಮಾನದವರದು, ಹೆದರಬೇಡಿ ಎಂದು ಅದರ ಮೇಲೆಯೇ ಅಚ್ಚಾಗಿತ್ತು. ಅಳಿಯ ಅದನ್ನು ಬದುವಿನ ಮೇಲಿಟ್ಟು ಕೆಲಸಕ್ಕೆ ಹೋದ. ನಾನು ಮಾತ್ರ ಅದರ ಪಕ್ಕದಲ್ಲೇ ಕೂತೆ.

ನಲವತ್ತೆಂಟರಲ್ಲಿ ನಮ್ಮ ಶಾಲೆಯ ಗಣಿತದ ಶರಣಪ್ಪ ಮಾಸ್ತರರಿಗೆ ಒಂದು ಅನುಮಾನವಿತ್ತು. ನಕಾಶೆಯಲ್ಲಿ ಮುಂಗಾರಿನ ಗಾಳಿಗೆ ಒಂದೇ ಬಾಣ ಬರೆದಿರುತ್ತಾರೆ. ಆದರೆ ಕೆಳಗಿನ ಮೋಡ ಒಂದು ಕಡೆ, ಮೇಲಿನದು ಇನ್ನೊಂದು ಕಡೆ ಹೋಗುವುದನ್ನು ಅವರು ಕಂಡಿದ್ದರು. ಬತ್ತಿಯ ಬಿಸಿಗೆ ಏರುವ ಕಾಗದದ ಬಲೂನು ಹಾರಿಸಿ ನೋಡಿಯೇಬಿಡುವುದೆಂದು ಹಟ ತೊಟ್ಟರು. ಆದರೆ ಆಗ ನಮ್ಮದು ನಿಜಾಮರ ಸೀಮೆ, ಪಶ್ಚಿಮಕ್ಕೆ ಭಾರತದ ಸರಹದ್ದು. ಆ ವರ್ಷ ಗಡಿಯಾಚೆಗೆ ಒಂದು ಚೀಟಿ ಹೋದರೂ ವಿಚಾರಣೆ. ಕದ್ದು ಹಾರಿಸುವ ಮನುಷ್ಯ ಅವರಲ್ಲ, ಸರ್ಕಾರದ ಇಜಾಜತ್ ಬೇಕೆಂದರು.

ಅರ್ಜಿ ಬರೆದವನು ನಾನು. ಅದೇ ಶಾಲೆಯ ಕಿರಿಯ ಮಾಸ್ತರ. ಉರ್ದು ಅಕ್ಷರ ದುಂಡಗಿವೆಯೆಂಬ ಜಂಬ ಬೇರೆ. ತಹಸೀಲ ಕಚೇರಿಯ ಗುಮಾಸ್ತ ಅದನ್ನು ಮೂರು ಸಲ ಹಿಂತಿರುಗಿಸಿದ. ಬಲೂನಿನ ಒಳಗೆ ಯಾರು ಕೂರುತ್ತಾರೆ ಎಂದು ಒಮ್ಮೆ, ಕಾಣದ ಗಾಳಿಯನ್ನು ನೋಡುವುದು ಹೇಗೆ ಎಂದು ಮತ್ತೊಮ್ಮೆ ಕೇಳಿದ. ಮೂರನೆಯ ಸಲ ಮಸಿ ತೆಳುವಾಗಿದೆಯೆಂದ. ಕೊನೆಗೆ ಅಪ್ಪಣೆ ಬಂತು. ಬಲೂನಿನ ಕಾಗದದ ಮೇಲೆ ಅಕ್ಷರವಿರಬಾರದು, ಬತ್ತಿಯ ಹೊರತು ಏನೂ ಕಟ್ಟಬಾರದು, ಬಲೂನು ಸರಹದ್ದು ದಾಟಬಾರದು. ದಾಟಿದರೆ ಜೇಲು. ಈ ಕಾಲದಲ್ಲಿ ಗಾಳಿ ಪೂರ್ವಕ್ಕೇ ಬೀಸುವುದೆಂದು ಮಾಸ್ತರರು ಮುಚ್ಚಳಿಕೆ ಬರೆದುಕೊಟ್ಟರು. ಅನುಮಾನ ಇದ್ದದ್ದೇ ಅದರ ಮೇಲೆ! ನಾನು ಎಚ್ಚರಿಸಿದೆ. ಅವರು ಕೇಳಲಿಲ್ಲ.

ಅವರ ಹೆಂಡತಿ ನಾಗಮ್ಮ ಗಾಳಿಪಟದ ಬಿಳಿ ಹಾಳೆಗಳನ್ನು ಜೋಳದ ಹಿಟ್ಟಿನ ಅಂಟಿನಿಂದ ಕೂಡಿಸಿದ್ದರು. ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರು ಪೇದೆ ಕಾಸೀಮನೊಂದಿಗೆ ಬಂದರು. ಬತ್ತಿ ಹೊತ್ತಿಸಿ ಬಿಟ್ಟಾಗ ಬಲೂನು ನನ್ನ ಬಲಕ್ಕೆ, ಪೂರ್ವಕ್ಕೇ ಹೋಯಿತು. ನಾಗಮ್ಮ ಸೆರಗಿನಿಂದ ಬೆವರು ಒರೆಸಿಕೊಂಡರು. ಆಮೇಲೆ ಅದು ಮೇಲಕ್ಕೆ ಹೋಗಿ ಗಳಿಗೆ ನಿಂತಿತು. ನಿಂತದ್ದು ತಿರುಗಿತು. ನನ್ನ ನೆತ್ತಿಯ ಮೇಲಿಂದ ಎಡಕ್ಕೆ ಹೋಗಿ, ಪಶ್ಚಿಮದಲ್ಲಿ ಚುಕ್ಕೆಯಾಗಿ ಕರಗಿತು.

ಅಮೀನ ಸಾಹೇಬರು ಕೆಟ್ಟವರಲ್ಲ. ಅದು ತಿರುಗಿದ ಕೂಡಲೇ ಆಕಾಶಕ್ಕೆ ಬೆನ್ನು ಮಾಡಿ ಪಂಚನಾಮೆ ಬರೆಯತೊಡಗಿದ್ದರು.

“ಪೂರ್ವಕ್ಕ ಹೋಯ್ತು ಅಂತ ಬರದೇನಿ, ಮಾಸ್ತರ್. ನಾ ನೋಡಿದ್ದು ಅಷ್ಟೇ. ಸಹಿ ಮಾಡಿ ಮನಿಗಿ ಹೋಗ್ರಿ.”

ಕಾಸೀಮ ಹೆಬ್ಬೆಟ್ಟು ಒತ್ತಿದ. ನಾನು ನನ್ನ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದೆ. ಲೇಖನಿಯನ್ನು ಮಾಸ್ತರರಿಗೆ ಕೊಟ್ಟಾಗ ಅವರು ಓದಿ ನೋಡಿದರು.

“ಸಾಹೇಬ್ರ, ಯಾ ಕಡಿ ಹೋಗ್ತದ ನೋಡ್ಲಿಕ್ಕೇ ಬಿಟ್ಟಿದ್ದು. ಪೂರ್ವ ಅಂತ ಬರಿಯೋದಿದ್ರ ಬಿಡೋದ್ಯಾಕಿತ್ರಿ?”

“ಹಟ ಮಾಡಬ್ಯಾಡ್ರಿ.”

“ಹಟ ಅಲ್ರಿ. ತಿರುಗಿದ್ದು ಖರೇ ಅದ.”

ಮೊದಲು ಪೂರ್ವಕ್ಕೆ, ಬಳಿಕ ಪಶ್ಚಿಮಕ್ಕೆ ಎಂದು ಕೆಳಗೆ ಬರೆದು ಸಹಿ ಮಾಡಿದರು. ಸಂಜೆಯೊಳಗೆ ಅವರನ್ನು ಕಲಬುರಗಿಯ ಜೇಲಿಗೆ ಒಯ್ದರು. ಸೆಪ್ಟೆಂಬರಿನಲ್ಲಿ ಸರ್ಕಾರವೇ ಬದಲಾದ ಮೇಲೆ ಬಿಟ್ಟರು. ಬಂದವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

“ನೀವು ಬಾವಿ ಹಂತೇಕ ಇದ್ರಿ. ಎಷ್ಟು ಎತ್ತರದಾಗ ತಿರುಗಿತು, ಅಂದಾಜದ ಏನ್ರಿ?” ಎಂದಷ್ಟೇ ಕೇಳಿದರು.

ಪೂರ್ವಕ್ಕೆ ಸಹಿ ಹಾಕಿದವನು ಏನೆಂದು ಹೇಳಲಿ? ಗಮನಿಸಲಿಲ್ಲ ಎಂದೆ. ಅದು ಎರಡನೆಯ ಸುಳ್ಳು. ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾದವು.

ನಿಂಬರ್ಗಾದಿಂದ ನಾನು ನೇರ ಜೇವರ್ಗಿಗೆ ಹೋಗಿ ನಾಗಮ್ಮನವರಿಗೆ, ತಿರುಗಿದ ಎತ್ತರ ಕಂಡಿದ್ದನ್ನೂ ಸೇರಿಸಿ, ಎಲ್ಲ ಹೇಳಿದೆ.

“ಆವಾಗ ಹೇಳಬೇಕಿತ್ತು, ತಮ್ಮಾ. ಇರ್ಲಿ, ಈಗರೇ ಬರಿ.”

ಬರೆದಿದ್ದೇನೆ. ಬಲೂನು ಶಾಲೆಯ ಬೇವಿನ ಮರದ ಸುಮಾರು ಆರು ಪಟ್ಟು ಎತ್ತರದಲ್ಲಿ ಪಶ್ಚಿಮಕ್ಕೆ ತಿರುಗಿತು. ಕಂಡವರಲ್ಲಿ ಈಗ ಬದುಕಿರುವವರು ಜೇವರ್ಗಿಯಲ್ಲಿ ನಾಗಮ್ಮ, ಅಫಜಲಪುರದಲ್ಲಿ ಕಾಸೀಮ, ಮತ್ತು ನಾನು.