ಆಂಜನೇಯನಿಗೂ ಬಳಿದ ಸುಣ್ಣ

ಚುನಾವಣೆ ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಚಾಮರಾಜಪೇಟೆಯಲ್ಲಿ ನಮ್ಮದು ಮೂಲೆ ಮನೆ. ಕಾಂಪೌಂಡ್ ಗೋಡೆ ಉದ್ದಕ್ಕೂ ಮೇನ್ ರೋಡಿಗೆ ಮುಖ ಮಾಡಿತ್ತು. ಅದೇ ನಮ್ಮ ಗ್ರಹಚಾರ. ಚುನಾವಣೆಯ ಗಾಳಿ ಬೀಸಿದ ಕೂಡಲೇ ಸುಣ್ಣದ ಬಕೆಟ್ಟು ಹಿಡಿದವರು ಬಂದು, ಯಾರನ್ನೂ ಕೇಳದೆ ಗೋಡೆಗೆ ಒಂದು ಕೋಟು ಬಳಿದು, ಮೂಲೆಯಲ್ಲಿ ಪಕ್ಷದ ಹೆಸರು ಬರೆದು 'ಮೀಸಲು' ಎಂದು ಹಾಕಿ ಹೋಗುತ್ತಿದ್ದರು. ಮನೆಯವರ ಒಪ್ಪಿಗೆ ಬೇಕು, ಬರೆದವರೇ ಅಳಿಸಬೇಕು ಎಂಬ ನಿಯಮವೇನೋ ಇತ್ತು. ಅದನ್ನು ಪಾಲಿಸಿದ ಒಬ್ಬ ಮಹಾನುಭಾವನನ್ನೂ ನಾನು ಕಂಡಿಲ್ಲ.

ಅಮ್ಮ ಸರ್ಕಾರಿ ಶಾಲೆಯಲ್ಲಿ ಟೀಚರ್. ಅಪ್ಪ ಲಕ್ವ ಹೊಡೆದು ಮಲಗಿದ ಮೇಲೆ ಅವಳ ಸಂಬಳದಿಂದಲೇ ಒಲೆ ಉರಿಯುತ್ತಿತ್ತು. ಸರ್ಕಾರಿ ನೌಕರರ ಗೋಡೆಯ ಮೇಲೆ ಪಕ್ಷದ ಗುರುತು ಕಂಡಿತೆಂದು ಹಿಂದಿನ ಸಲವೇ ಮೇಲಿನವರು ಬೈದಿದ್ದರು. ಇನ್ನೊಮ್ಮೆ ಆದರೆ ಸಸ್ಪೆಂಡ್ ಎಂದಿದ್ದರು. ಹೆದರಿದ ಅಮ್ಮ ಬೋರ್ಡು ಬರೆಯುವವನನ್ನು ಕರೆಸಿ ಗೋಡೆಯ ನಡುವೆ ದೊಡ್ಡ ಆಂಜನೇಯನನ್ನು ಬರೆಸಿದಳು. ದೇವರಿರುವ ಗೋಡೆಗೆ ಯಾರು ಕೈ ಹಾಕುತ್ತಾರೆ ಎಂಬುದು ಅವಳ ಧೈರ್ಯ. ಪ್ರತಿ ಶನಿವಾರ ಗೋಡೆಯ ಬುಡಕ್ಕೆ ಹೂವಿಡತೊಡಗಿದಳು.

ಆ ಸಲದ ಚುನಾವಣೆಗೆ ಬಂದ ಪಕ್ಷದವರು ದೇವರ ಮೇಲೆ ಬರೆಯಲಿಲ್ಲ, ನಿಜ. ಕಾಯಿ ಒಡೆದು, ಕರ್ಪೂರ ಹಚ್ಚಿ, ಸ್ವಾಮಿಯ ಕಾಲ ಕೆಳಗೆ ತಮ್ಮ ಅಭ್ಯರ್ಥಿಯ ಹೆಸರನ್ನೂ ಗುರುತನ್ನೂ ಬರೆದು, 'ಸ್ವಾಮಿಯ ಆಶೀರ್ವಾದ ಇವರಿಗೇ' ಎಂದು ಸೇರಿಸಿದರು. ಸ್ಕೂಲಿನಿಂದ ಬಂದ ಅಮ್ಮ ಜಗಳಕ್ಕೆ ನಿಂತರೆ, ಸ್ವಾಮಿಗೆ ಒಂದು ಹನಿ ಬಣ್ಣವೂ ತಾಗಿಲ್ಲವಲ್ಲ ಎಂದು ಹಲ್ಲು ಕಿರಿದರು.

ಮರುದಿನವೇ ಎದುರು ಪಕ್ಷದವರು ದೂರು ಕೊಟ್ಟರು. ಚುನಾವಣೆಯ ಕೆಲಸಕ್ಕೆ ಹಾಕಿದ್ದ ಅಧಿಕಾರಿಯೊಬ್ಬ ಆಳುಗಳನ್ನು ಕರೆದುಕೊಂಡು ಬಂದ. ಅಕ್ಷರ ಅಳಿಸಿದರೆ ಸಾಲದು, ಆಶೀರ್ವಾದ ಎಂದು ಬರೆದ ಮೇಲೆ ಚಿತ್ರವೂ ಪ್ರಚಾರವೇ; ಸಂಜೆಯೊಳಗೆ ಗೋಡೆ ಪೂರ್ತಿ ಬೆಳ್ಳಗಾಗದಿದ್ದರೆ ಇಲಾಖೆಗೆ ಬರೆಯುತ್ತೇನೆ ಎಂದ. ಆಳುಗಳು ಚಪ್ಪಲಿ ಬಿಟ್ಟು, ಕೈ ಮುಗಿದು ದೂರ ನಿಂತರು. ಬರೆದವರು ನಾಪತ್ತೆ. ಅಧಿಕಾರಿ ಬ್ರಷ್ಷನ್ನು ಅಮ್ಮನ ಕಡೆ ಚಾಚಿದ.

"ಗೋಡೆ ನಿಮ್ದಲ್ವಾ? ನೀವೇ ಅಳಿಸ್ಬಿಡಿ."

ಅವನಿಗೂ ಪಾಪದ ಭಯ, ಹೇಡಿಗೆ.

ಅಮ್ಮ ಅಳಿಸಿದಳು. ಮೊದಲು ಅಕ್ಷರ, ಆಮೇಲೆ ಬಾಲ, ಗದೆ. ಮುಖದ ಹತ್ತಿರ ಬಂದಾಗ ನಾನು ಬ್ರಷ್ಷು ತೆಗೆದುಕೊಳ್ಳಲು ಹೋದರೆ, ಈ ಪಾಪ ನಿನಗೆ ಬೇಡ ಎಂದು ತಳ್ಳಿದಳು. ಬೀದಿಯವರೆಲ್ಲ ತಂತಮ್ಮ ಗೇಟಿನಲ್ಲಿ ನಿಂತು ನೋಡಿದರು. ಆ ವರ್ಷ ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಅವರಲ್ಲೊಬ್ಬರೂ ಅಮ್ಮನನ್ನು ಕರೆಯಲಿಲ್ಲ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆ ಅಭ್ಯರ್ಥಿ ಗೆದ್ದ. ಹಾರ ಹಾಕಿಕೊಂಡು ಜೀಪಿನಲ್ಲಿ ಬಂದವನು ಬರಿಗೋಡೆ ನೋಡಿ ಗಾಡಿ ನಿಲ್ಲಿಸಿದ. ದೇವರನ್ನು ಅಳಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಗೇಟಿನಲ್ಲಿದ್ದ ಅಮ್ಮನಿಗೆ ಬುದ್ಧಿ ಹೇಳಿದ.

"ಸ್ವಾಮೀನ ಅಳಿಸಿದ್ದಕ್ಕೆ ಪಾಪ ಬರ್ಲಿ," ಎಂದಳು ಅಮ್ಮ. "ನಿಮ್ ಹೆಸ್ರು ಅಳಿಸಿದ್ದಕ್ಕೆ ಪುಣ್ಯ ಬಂದಿರತ್ತೆ. ಎರಡೂ ಸರಿಹೋಯ್ತು."

ಕೆಲಸ ಉಳಿಯಿತು. ಶನಿವಾರ ಆ ಖಾಲಿ ಗೋಡೆಯ ಬುಡಕ್ಕೆ ಹೂವಿಡುವುದನ್ನು ಅಮ್ಮ ಬಿಡಲಿಲ್ಲ. ಮುಂದಿನ ಚುನಾವಣೆಗೆ ಬಂದವರು ಆ ಹೂವನ್ನು ಚಪ್ಪಲಿಯಿಂದ ಪಕ್ಕಕ್ಕೆ ಸರಿಸಿ, ಅದೇ ಜಾಗದಲ್ಲಿ ಏಣಿ ನಿಲ್ಲಿಸಿದರು.